ಎಂಟು ಎಕರೆ, ನೂರು ಕುರಿ

ಹಾರೆ ಮತ್ತೆ ಕಲ್ಲಿಗೆ ಬಡಿದು ಲಗಮಣ್ಣನ ಕೈ ಮೊಳಕೈವರೆಗೂ ಝುಮ್ಮೆಂದಿತು. ತೊಡೆಮಟ್ಟದ ಕುಣಿಯೊಳಗೆ ನಿಂತಿದ್ದ ಅವನು ಹಾರೆಯನ್ನು ತಲೆಯ ಮೇಲೆತ್ತಿ ಅದೇ ಕಲ್ಲಿಗೆ, ಅದೇ ಜಾಗಕ್ಕೆ ಮತ್ತೊಂದು ಏಟು ಹಾಕಿದ. ಕಲ್ಲು ಮಿಸುಕಲಿಲ್ಲ.

"ಬಾಜೂಕ ಹಾಕಲೇ. ಕಲ್ಲಿನ ಕೂಡ ಏನ ಜಗಳಾ ನಿಂದು?" ಕುಣಿಯ ದಂಡೆಗೆ ಕೂತು ಬೀಡಿ ಸೇದುತ್ತಿದ್ದ ಕೇದಾರಿ ಅಂದ. ಸತ್ತವನ ತಮ್ಮ, ಲಗಮಣ್ಣನಿಗೆ ಕಾಕಾ.

"ನಮ್ಮಪ್ಪಗ ಮಲಗಾಕರ ಕಲ್ಲಿಲ್ಲದ ಜಾಗಾ ಕೊಡಬೇಕಿತ್ತಿಲ್ಲೋ ಕಾಕಾ ಈ ಊರಾನವ್ರು?"

"ಕಲ್ಲಿಲ್ಲದ ಜಾಗಾದಾಗ ಅವರು ಜ್ವಾಳಾ ಬಿತ್ತತಾರ. ಮ್ಯಾಲ ಬಾ ಇನ್ನ. ಅಪ್ಪನ ಕುಣಿ ಮಗಾ ತೋಡೂದು ಪದ್ಧತೀನ ಅಲ್ಲ. ಬ್ಯಾಡ ಬ್ಯಾಡ ಅಂದ್ರೂ ಹಾರಿ ಕಸಗೊಂಡಿ. ಬಸ್ಸಿನ ಹೊತ್ತಾತು, ನಿಮ್ಮವ್ವ ಹಾದಿ ನೋಡಾಕತ್ತಿರಬೇಕು."

ಲಗಮಣ್ಣ ಹಾರೆಯನ್ನು ಮಣ್ಣಿನ ಗುಡ್ಡೆಯ ಮೇಲೆ ಒಗೆದು ಮೇಲೆ ಹತ್ತಿ ಬಂದ. ಹತ್ತೊಂಬತ್ತು ತುಂಬಿದ ಹುಡುಗ. ಆರು ವರ್ಷ ರಸ್ತೆಯ ಮೇಲೆ ಖಡಿಕಲ್ಲು ಒಡೆದ ಕೈ. ಆ ಕೈಗೆ ಇವತ್ತು ಒಡೆಯಲು ಇನ್ನೂ ಏನೋ ಬೇಕಾಗಿತ್ತು, ಮತ್ತು ಅದು ಯಾವುದು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದು ಹುಕ್ಕೇರಿಯ ಕಡೆಯಿಂದ ಬರುವ ಬಸ್ಸಿನಲ್ಲಿ ಕೂತು ಅಂಕಲಗಿಗೆ ಬರುತ್ತಿತ್ತು.

ಮನೆಯ ಮುಂದೆ ಬೇವಿನ ನೆರಳಿನಲ್ಲಿ ಅಪ್ಪನನ್ನು ಮಲಗಿಸಿದ್ದರು. ಮುಖ ತೆರೆದೇ ಇತ್ತು. ಸತ್ಯಪ್ಪ ಬದುಕಿದ್ದಾಗ ಹೇಗೆ ತುಟಿ ಬಿಗಿ ಹಿಡಿದಿರುತ್ತಿದ್ದನೋ ಈಗಲೂ ಹಾಗೆಯೇ ಹಿಡಿದಿದ್ದ. ತಲೆಯ ಬಳಿ ಕೂತ ಅವನ ಅಕ್ಕ ಕಾಡವ್ವ ಹಾಡಿಕೊಂಡು ಅಳುತ್ತಿದ್ದಳು. ತಮ್ಮ ಹುಟ್ಟಿದ್ದು, ನಡೆದದ್ದು, ಗಿರಣಿಗೆ ಹೋದದ್ದು, ಪಗಾರದಲ್ಲಿ ಸೀರೆ ತಂದದ್ದು ಎಲ್ಲ ಒಂದರ ಹಿಂದೊಂದು ಅವಳ ಹಾಡಿನಲ್ಲಿ ಬರುತ್ತಿತ್ತು. ನಡುವೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿ, "ಎಲಿ ಐತೇನ ಯಾರ ಕಡೆರ?" ಎಂದು ಕೇಳಿದಳು. ಕೊಟ್ಟರು. ಅದನ್ನು ದವಡೆಗಿಟ್ಟು ಮತ್ತೆ ಹಾಡಿಗೆ ಹತ್ತಿದಳು.

"ಸತ್ಯಣ್ಣ ನನ್ನ ಜೋಡಿ ಮಾತಾಡಿದ್ದು ಒಟ್ಟ ಎರಡ ಸಲ," ಬಾಜೂ ಮನೆಯ ಕೆಂಪವ್ವ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಹೇಳಿದಳು. "ಒಮ್ಮಿ 'ನಿನ್ನ ಕೋಳಿ ನಮ್ಮ ಮನ್ಯಾಗ ಐತಿ' ಅಂದಿದ್ದ. ಆಮ್ಯಾಲ 'ಹ್ವಾತು' ಅಂದಿದ್ದ."

ಹೆಂಗಸರು ಅಳುವಿನ ನಡುವೆಯೇ ನಕ್ಕರು. ನಕ್ಕದ್ದಕ್ಕೆ ಇನ್ನಷ್ಟು ಅತ್ತರು.

ಉದ್ದವ್ವ ನಗಲಿಲ್ಲ, ಅಳಲೂ ಇಲ್ಲ. ಮಗನನ್ನು ಕಂಡವಳೇ ಎದ್ದು ಅವನ ರಟ್ಟೆ ಹಿಡಿದು ಗೋಡೆಯ ಮರೆಗೆ ಎಳೆದೊಯ್ದಳು.

"ಕೈ ತೊಳಕೊಂಡ ಹ್ವಾಗು. ಆ ಮನಿಷ್ಯಾ ಇಳದ ಕೂಡ್ಲೆ ಹೇಳು, ಮಣ್ಣ ಮುಗದೈತಿ ಅನ್ನು. ತಿರಗಿ ಬರೂ ಬಸ್ಸಿಗೆ ಹತ್ತಸು. ಬಸ್ಸ ಹ್ವಾದ ಮ್ಯಾಲ ಎತ್ತೂನು."

"ಯಾಕ ಯವ್ವಾ? ಇಲ್ಲೇ ಕರಕೊಂಡ ಬರ್ತೀನಿ. ಎಂಟ ಎಕರೆ ಎಲ್ಲೈತಿ, ಕುರಿ ಎಲ್ಲಿ ಅದಾವು, ಕಣ್ಣಲೆ ನೋಡ್ಲಿ."

"ನಿಮ್ಮಪ್ಪ ಜೀವಾ ಬಿಡೂ ಮುಂದ ಮೂರ ಸಲ ಹೇಳ್ಯಾನ. ರಾಚಪ್ಪಗ ತಿಳಸ್ರಿ, ಬೀರಸಿದ್ದಪ್ಪ ಹ್ವಾದ ಅಂತ ತಿಳಸ್ರಿ ಅಂದ. ಸತ್ಯಪ್ಪ ಹ್ವಾದ ಅನ್ನಲಿಲ್ಲ. ನೀನೂ ಕೇಳೀಯಿಲ್ಲ?"

"ಸಾಯೂ ಮುಂದೂ ಅವಗ ಅಂಜಿದ."

"ಅಂಜಿಕಿ ಅಲ್ಲ ಅದು." ಉದ್ದವ್ವ ಮಗನ ಅಂಗಿಯ ಮೇಲಿನ ಮಣ್ಣನ್ನು ಕೊಡವಿದಳು. "ನಿಮ್ಮಪ್ಪಗ ಈ ಜನ್ಮದಾಗ ಒಬ್ಬನ ಗೆಳ್ಯಾ. ಇವತ್ತ ಒಂದ ದಿನಾ ಅದನ್ನ ಕೆಡಸಬ್ಯಾಡ."

*

ಹುಕ್ಕೇರಿಯ ಹಾದಿಯಲ್ಲಿ ಆಗ ಒಬ್ಬ ಶೇಟಜಿಯ ಗಿರಣಿ ಇತ್ತು. ಲಡಾಯಿ ಮುಗಿದ ಹೊಸತು. ಜನಕ್ಕೆ ಉಡಲು ಅರಿವೆ ಇಲ್ಲ, ಅರಿವೆ ನೇಯಲು ಜನ ಇಲ್ಲ. ಶೇಟಜಿ ಮಗ್ಗದ ಮೇಲೆ ಮಗ್ಗ ತಂದು ಹಾಕುತ್ತಿದ್ದ ಕಾಲ. ಸತ್ಯಪ್ಪನ ಮನೆತನ ಹಿಂದಿನಿಂದ ದಪ್ಪ ಅರಿವೆ ನೇಯುತ್ತಿದ್ದದ್ದೇ. ಗಿರಣಿಯ ಅರಿವೆ ಬಂದ ಮೇಲೆ ಅವನ ಅಪ್ಪನ ಕುಣಿಮಗ್ಗದಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ಹೊಟ್ಟೆಗೆ ಹೊಡೆದ ಗಿರಣಿಯ ಬಾಗಿಲಿಗೇ ಸತ್ಯಪ್ಪ ಹೋಗಿ ನಿಂತ.

ಗಿರಣಿಯಲ್ಲಿ ಎರಡು ಖಾತೆ. ನೂಲಿನ ಖಾತೆಯಲ್ಲಿ ಎಲ್ಲ ಜನರನ್ನೂ ತೆಗೆದುಕೊಳ್ಳುತ್ತಿದ್ದರು, ಕೂಲಿ ಕಡಿಮೆ. ಮಗ್ಗದ ಖಾತೆಯಲ್ಲಿ ಪಗಾರ ಹೆಚ್ಚು, ಆದರೆ ಅಲ್ಲಿ ಕೇರಿಯವರಿಗೆ ಜಾಗವಿರಲಿಲ್ಲ. ಅದಕ್ಕೊಂದು ಕಾರಣ ಹೇಳುತ್ತಿದ್ದರು. ಲಾಳಿಯೊಳಗಿನ ನೂಲು ತೀರಿದಾಗ ಹೊಸ ಕಂಡಿಕೆ ಇಟ್ಟು, ಅದರ ಎಳೆಯನ್ನು ಲಾಳಿಯ ಪಕ್ಕದ ಸಣ್ಣ ತೂತಿನಿಂದ ಹೊರಗೆ ತರಬೇಕು. ಕೈಗೆ ಸಿಗುವ ಎಳೆಯಲ್ಲ ಅದು. ತೂತಿಗೆ ತುಟಿ ಹಚ್ಚಿ ಉಸಿರೆಳೆದರೆ ಬಾಯಿಗೆ ಬರುತ್ತದೆ. ಒಬ್ಬ ತುಟಿ ಹಚ್ಚಿದ ಲಾಳಿಗೆ ಇನ್ನೊಬ್ಬ ತುಟಿ ಹಚ್ಚಬೇಕು. ದಿನಕ್ಕೆ ನೂರು ಸಲ, ಇನ್ನೂರು ಸಲ. ಅದಕ್ಕೇ ಮಗ್ಗದ ಖಾತೆಯಲ್ಲಿ ಕೈ ನೋಡುವ ಮೊದಲು ಜಾತಿ ನೋಡುತ್ತಿದ್ದರು.

ಆಳು ಹಿಡಿಯುವ ಜಾಬರ ಬಾಗಿಲಲ್ಲಿ ಕೂತು ಕೇಳಿದ. "ಊರು?"

"ಅಂಕಲಗಿ." ಊರನ್ನು ಸುಳ್ಳು ಹೇಳಲು ಸತ್ಯಪ್ಪನಿಗೆ ಮನಸ್ಸು ಬರಲಿಲ್ಲ. ಅದನ್ನೂ ಸುಳ್ಳು ಮಾಡಿದರೆ ಕಾಲು ಊರಲು ಏನು ಉಳಿಯುತ್ತದೆ?

"ಹೆಸರು?"

ಎದುರಿನ ಹಾದಿಯಲ್ಲಿ ಒಬ್ಬ ಕುರುಬ ಹಿಂಡು ಹೊಡೆದುಕೊಂಡು ಹೋಗುತ್ತಿದ್ದ. ಧೂಳಿನ ನಡುವೆ ಅವನ ರುಮಾಲು ಮಾತ್ರ ಕಾಣುತ್ತಿತ್ತು.

"ಬೀರಸಿದ್ದಪ್ಪರಿ. ಕುರುಬ್ರಾವ್ರು. ಊರ ಹೊರಗ ಹಟ್ಟಿ ಐತಿ ನಮ್ದು."

ಅಷ್ಟಕ್ಕೇ ಮುಗಿಯಲಿಲ್ಲ. ಸುಳ್ಳಿಗೂ ದಿನಾ ಮೇವು ಹಾಕಬೇಕಲ್ಲ. ಕುರುಬ ಅಂದ ಮೇಲೆ ಕುರಿ ಎಷ್ಟು ಎಂದು ಕೇಳಿದರು. ನೂರು ಅಂದ. ಹೊಲ ಎಷ್ಟು ಎಂದರು. ಎಂಟು ಎಕರೆ ಅಂದ. ಹಿಡಿ ಮಣ್ಣೂ ತನ್ನದಲ್ಲದ ಮನುಷ್ಯ ಬಾಯಿಗೆ ಬಂದಷ್ಟು ಅಳೆದುಕೊಂಡ. ಮೊದಲ ದಿನ ಎಲ್ಲರ ಹರವಿಯಿಂದ ಯಾರಾದರೂ ತಡೆದಾರೆಂದು ಎಷ್ಟು ಗಡಿಬಿಡಿಯಲ್ಲಿ ನೀರು ಕುಡಿದನೆಂದರೆ ಅರ್ಧ ನೀರು ಎದೆಯ ಮೇಲೆ ಚೆಲ್ಲಿತಂತೆ. ಇದನ್ನು ಉದ್ದವ್ವನೊಬ್ಬಳಿಗೆ ಹೇಳಿದ್ದ. ಬಾಜೂ ಮಗ್ಗದವನು ನೋಡಿ, "ಹೊಳೀ ನೀರಲ್ಲೋ ಕುರುಬಾ, ಹಾಳತಕ ಕುಡಿ," ಎಂದು ನಕ್ಕಿದ್ದನಂತೆ. ಆ ಬಾಜೂ ಮಗ್ಗದವನೇ ರಾಚಪ್ಪ. ಕೊರಳಲ್ಲಿ ಲಿಂಗ, ತಲೆಗೆ ಬಿಳಿ ಟೊಪ್ಪಿಗೆ, ಬಾಯಿ ತುಂಬ ಮಾತು.

*

ಬಸ್ಸಿನಿಂದ ಇಳಿದವನ ತಲೆಯ ಮೇಲೆ ಅದೇ ಬಿಳಿ ಟೊಪ್ಪಿಗೆ ಇತ್ತು. ಲಗಮಣ್ಣ ಅಂದುಕೊಂಡಂತೆ ಅವನು ದಪ್ಪಗಿರಲಿಲ್ಲ. ತೆಳ್ಳಗೆ, ಬಾಗಿ, ಕಾಲಲ್ಲಿ ಟಾಯರಿನ ತೇಪೆ ಹಾಕಿದ ಚಪ್ಪಲಿ. ಸುತ್ತ ನೋಡಿ ನೇರ ಲಗಮಣ್ಣನ ಕಡೆಗೇ ಬಂದ.

"ನೀ ಬೀರಸಿದ್ದನ ಮಗಾ ಅಲ್ಲೇನಪಾ? ಕೇಳೂದ ಬ್ಯಾಡ. ಹಣಿ ಅವಂದ ಐತಿ."

"ಹೌದ್ರಿ." ಲಗಮಣ್ಣ ಇಡೀ ಹಾದಿ ನಾಲಿಗೆಯ ಮೇಲೆ ಹೊತ್ತು ತಂದಿದ್ದ ಮಾತುಗಳಲ್ಲಿ ಇದು ಇರಲಿಲ್ಲ.

"ಮುಖಾ ನೋಡಾಕ ಸಿಗತೈತಿಲ್ಲೋ?"

"ಮಣ್ಣಾತ್ರಿ. ಮುಂಜಾನೇನ ಮುಗಸಿದ್ವಿ."

ರಾಚಪ್ಪ ಲಗಮಣ್ಣನ ಕೈಗಳನ್ನು ನೋಡಿದ. ತೊಳೆದರೂ ಉಗುರ ಸಂದಿಯಲ್ಲಿ ಕೆಂಪು ಮಣ್ಣು ಉಳಿದಿತ್ತು. ಆ ಕೈಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಲಗಮಣ್ಣ ಬೆಚ್ಚಿದ. ಈ ಊರಿನಲ್ಲಿ ಮೇಲಿನ ಓಣಿಯವನೊಬ್ಬ ತನ್ನ ಕೈ ಹಿಡಿದದ್ದು ಅವನಿಗೆ ನೆನಪಿರಲಿಲ್ಲ.

"ಸುದ್ದಿ ತಿಳದದ್ದ ತಡಾ. ಕಂಡಕ್ಟರ ನಮ್ಮ ಚಾಳ ಹುಡಿಕ್ಯಾಡಿ ಬರೂದ್ರಾಗ ಹೊತ್ತಾಗಿತ್ತು. ಕೈಯಾಗ ಒಂದ ಮಾಲಿನೂ ತರಾಕ ಆಗ್ಲಿಲ್ಲ ತಮ್ಮಾ." ಕೈ ಬಿಟ್ಟು ಎದುರಿನ ಅಂಗಡಿಯ ಕಡೆ ತಿರುಗಿದ. "ಬಾ, ಒಂದ ಕಪ್ ಚಾ ಕುಡದ ಮಾತಾಡೂನು. ನೀನೂ ಮುಂಜಾನಿಂದ ಉಪವಾಸ ಇರಬೇಕು."

ಸ್ಟ್ಯಾಂಡಿನ ಚಹದಂಗಡಿಯವನು ಒಲೆಯ ಹಿಂದಿನಿಂದ ನೋಡುತ್ತಿದ್ದ. ಕೇರಿಯವರ ಕಪ್ಪು ಹೊರಗೆ ಗೋಡೆಯ ಗೂಡಿನಲ್ಲಿರುತ್ತದೆ. ಕುಡಿದು ತಾವೇ ತೊಳೆದು ಬೋರಲು ಹಾಕಿ ಹೋಗಬೇಕು. ಒಂದು ಹೆಜ್ಜೆ ಒಳಗಿಟ್ಟರೆ ಸಾಕು, ಲಗಮಣ್ಣ ಬಾಯಿ ತೆರೆಯುವ ಮೊದಲೇ ಅಂಗಡಿಯವನು ಎಲ್ಲ ಹೇಳಿಬಿಡುತ್ತಾನೆ.

"ಸೂತಕ ಐತ್ರಿ ಕಾಕಾ. ಹೊರಗ ಏನೂ ಮುಟ್ಟೂ ಹಂಗಿಲ್ಲ."

"ಹೌದಲ್ಲ, ಮರ್ತೆ." ರಾಚಪ್ಪ ನಾಚಿದ. "ಹಂಗಾದ್ರ ನಂಗೂ ಬ್ಯಾಡ."

ಇಬ್ಬರೂ ಸ್ಟ್ಯಾಂಡಿನ ಆಚೆ ಹುಣಸೆಯ ಬುಡಕ್ಕೆ ಹೋಗಿ ಕೂತರು. ತಿರುಗಿ ಹೋಗುವ ಬಸ್ಸಿಗೆ ಇನ್ನೂ ಹೊತ್ತಿತ್ತು.

"ಕುರಿ ಈಗ ಯಾರ ನೋಡತಾರ?"

"ಕಾಕಾ ಅದಾನ್ರಿ."

"ಆ ತಹಶೀಲ್ದಾರ ಇನ್ನೂ ಅದಾನೇನ?"

ಲಗಮಣ್ಣ ಮುಖ ಮೇಲೆತ್ತಿದ. ರಾಚಪ್ಪನಿಗೆ ನಗು ಬಂದಿತ್ತು, ಕಣ್ಣಲ್ಲಿ ನೀರೂ ಬಂದಿತ್ತು.

"ಟಗರೋ ಮಾರಾಯಾ. ಕರೇ ಟಗರು. ಹಾದ್ಯಾಗ ಎದರ ಯಾರ ಬಂದ್ರೂ ಬಾಜೂಕ ಸರಿಯೂದಿಲ್ಲ ಅಂತ ನಿಮ್ಮಪ್ಪ ಅದಕ್ಕ ತಹಶೀಲ್ದಾರ ಅಂತ ಹೆಸರ ಇಟ್ಟಿದ್ದನಲ್ಲ. ಸೋಮವಾರ ಊರಿಂದ ತಿರಗಿ ಬಂದಾಂದ್ರ ನಮ್ಮ ಪಾಳಿ ಎಲ್ಲಾ ಮಗ್ಗದ ಸಪ್ಪಳದಾಗನ ಒದರತಿತ್ತು, ಏನ ಅಂತೈತಿ ತಹಶೀಲ್ದಾರ ಅಂತ. ಒಮ್ಮಿ ಊರ ಗೌಡ್ರನ್ನ ಕೆಸರಾಗ ಕೆಡವಿದ್ದ ಹೇಳಿದ. ನಾವು ನಕ್ಕ ನಕ್ಕ ನಾಕ ಎಳಿ ಹರಕೊಂಡ್ವಿ. ಜಾಬರ ದಂಡಾ ಹಾಕಿದ."

ತನ್ನ ಅಪ್ಪ. ಗೌಡರ ಓಣಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದ ಅಪ್ಪ. ಉಣ್ಣುವಾಗ ಉಪ್ಪು ಬೇಕಾದರೂ ಬಾಯಿಬಿಟ್ಟು ಕೇಳದ ಅಪ್ಪ. ಲಗಮಣ್ಣನಿಗೆ ಯಾರದೋ ಬೇರೆಯವರ ಅಪ್ಪನ ಸುದ್ದಿ ಕೇಳಿದಂತಾಯಿತು. ಇಷ್ಟು ನಗಿಸುವ ಮನುಷ್ಯ ಆ ಗಿರಣಿಯಲ್ಲಿ ಆರು ವರ್ಷ ಬದುಕಿದ್ದ, ಮತ್ತು ಆ ಮನುಷ್ಯನ ಗುರುತು ಮನೆಯ ಯಾರಿಗೂ ಇರಲಿಲ್ಲ.

"ಅದಾನ್ರಿ," ಅಂದ. "ಹಲ್ಲ ಹೋಗ್ಯಾವು. ಆದ್ರೂ ಹಾದಿ ಬಿಡೂದಿಲ್ಲ."

"ಅಲಲಲ." ರಾಚಪ್ಪ ತೊಡೆ ತಟ್ಟಿಕೊಂಡ. ಆಮೇಲೆ ಕೇಳಿದ. "ನೀನ ಅಲ್ಲ ಆ ಸಾಲಿ ಕಲಿಯಾವ? ಮಗಾ ಕುರಿ ಕಾಯೂದಿಲ್ಲ, ಬುಕ್ಕ ಹಿಡದ ಕುಂಡ್ರತಾನ ಅಂತಿದ್ದ. ಎಲ್ಲೀ ತನಾ ಬಂತು?"

ಲಗಮಣ್ಣ ಎರಡೂ ಅಂಗೈಯನ್ನು ಮಡಚಿ ಮುಷ್ಟಿ ಮಾಡಿದ.

"ಮ್ಯಾಟ್ರಿಕ್ ಮುಗಸೀನ್ರಿ."

*

ಐವತ್ತೆರಡನೆಯ ಇಸವಿಯಲ್ಲಿ ಪೇಟೆ ಬಿತ್ತು. ಯಾಕೆ ಬಿತ್ತು ಎಂದು ನೇಯುವವರಿಗೆ ಯಾರೂ ಹೇಳಲಿಲ್ಲ. ನಿನ್ನೆಯವರೆಗೆ ಅರಿವೆಗೆ ಬಡಿದಾಡಿದ ವ್ಯಾಪಾರಿಗಳು ಕಟ್ಟಿದ ಅರಿವೆಯ ಗಾಸಡಿಗಳನ್ನು ತಿರುಗಿ ಕಳಿಸತೊಡಗಿದರು. ಗೋದಾಮು ತುಂಬಿತು, ಗೋದಾಮಿನ ಹೊರಗಿನ ಪಡಸಾಲೆ ತುಂಬಿತು. ಉಡಲು ಅರಿವೆಯಿಲ್ಲದ ಜನ ಊರ ತುಂಬ ಇದ್ದರು, ಕೊಳ್ಳುವವರಿಲ್ಲದ ಅರಿವೆ ಗಿರಣಿಯ ತುಂಬ ಇತ್ತು. ಶೇಟಜಿ ಒಂದು ಪಾಳಿ ಮುಚ್ಚಿದ. ಮಗ್ಗದ ಖಾತೆಯಲ್ಲಿ ಹತ್ತು ಜನ ಹೋಗಬೇಕು, ಯಾರೆಂದು ನೀವೇ ಆರಿಸಿಕೊಳ್ಳಿ ಎಂದು ಹೇಳಿ ಕಳಿಸಿದ. ಹೊಡೆಯುವ ಕೈ ತನ್ನದಾಗಬಾರದು, ಅಷ್ಟೇ ಅವನಿಗೆ ಬೇಕಾದದ್ದು.

ನೇಕಾರರು ಚಾಳಿನ ಮುಂದೆ ಸಭೆ ಕೂಡಿದರು. ಬಡಿದಾಟವಾಗಲಿಲ್ಲ. ಅದೇ ಕೆಟ್ಟದ್ದು. ಬಡಿದಾಟವಾಗಿದ್ದರೆ ಬೇರೆ ಏನಾದರೂ ಆಗುತ್ತಿತ್ತೋ ಏನೋ. ಅವರು ಒಳ್ಳೆಯ ಮನುಷ್ಯರಂತೆ ಕೂತು ನ್ಯಾಯ ಮಾಡಿದರು. ಊರಲ್ಲಿ ಹೊಲ ಇದ್ದವರು, ದನ ಕರ ಇದ್ದವರು ಮೊದಲು ಹೋಗಲಿ, ಅವರಿಗೆ ಹೇಗಾದರೂ ಕೂಳು ಸಿಗುತ್ತದೆ, ಏನೂ ಇಲ್ಲದವರು ಉಳಿಯಲಿ ಎಂದರು. ಈ ಮಾತನ್ನು ಮೊದಲು ಆಡಿದವನು ರಾಚಪ್ಪ. ಒಂಬತ್ತು ಜನ ತಾವಾಗಿಯೇ ಹೆಸರು ಕೊಟ್ಟರು. ಹತ್ತನೆಯದು ಬರಲಿಲ್ಲ. ಮಾಲಿಂಗಪ್ಪ ಎಂಬವನೊಬ್ಬ, ಐದು ಮಕ್ಕಳ ತಂದೆ, ಗೋಡೆಗೆ ಒರಗಿ ಕೂತಿದ್ದ. ಅವನು ಹೊಸಬ, ಹೊಲ ಇಲ್ಲ, ಆದರೂ ಹತ್ತನೆಯವನು ತಾನೇ ಆಗುವುದು ಎಂದು ಅವನ ಮುಖಕ್ಕೆ ತಿಳಿದುಹೋಗಿತ್ತು.

"ಬೀರಸಿದ್ದಾ," ರಾಚಪ್ಪ ಗೆಳೆಯನ ಹೆಗಲ ಮೇಲೆ ಕೈಯಿಟ್ಟು ಕೇಳಿದನಂತೆ, "ನಿಂದ ಎಂಟ ಎಕರೆ ಐತಿ, ನೂರ ಕುರಿ ಅದಾವು. ಏನಂತಿ?"

ಎಲ್ಲರೂ ಸತ್ಯಪ್ಪನ ಕಡೆ ನೋಡಿದರು. ಹೊಲ ಇಲ್ಲ ಅನ್ನಬೇಕಾಗಿತ್ತು. ಇಲ್ಲ ಎಂದರೆ ಆರು ವರ್ಷ ಹೇಳಿದ್ದು ಏನು ಎಂದು ಕೇಳುತ್ತಾರೆ. ಆಮೇಲೆ ನೀನು ಯಾರು ಎಂದು ಕೇಳುತ್ತಾರೆ. ಆರು ವರ್ಷ ಬಾಯಿಂದ ಬಾಯಿಗೆ ಹೋದ ಲಾಳಿಗಳು ಅಲ್ಲೇ ಒಳಗೆ ಮಗ್ಗದ ಮೇಲಿದ್ದವು.

"ಖರೆ ಐತಿ," ಅಂದ ಸತ್ಯಪ್ಪ. "ನಾ ಹೋಗ್ತೀನಿ."

ಮಾಲಿಂಗಪ್ಪ ಎದ್ದು ಬಂದು ಅವನ ಕಾಲು ಹಿಡಿದನಂತೆ. ರಾಚಪ್ಪ ಅಪ್ಪಿಕೊಂಡನಂತೆ. ಹೂವಿನ ಮಾಲೆ ಹಾಕಿ ಬಸ್ಸಿಗೆ ಹತ್ತಿಸಿದರಂತೆ. ಮಾಲೆಯನ್ನು ಅಂಕಲಗಿಯ ಸ್ಟ್ಯಾಂಡಿನಲ್ಲಿ ಬೇಲಿಗೆ ಒಗೆದು ಸತ್ಯಪ್ಪ ಕೇರಿಗೆ ಬಂದ.

ಊರು ಅವನಿಗಾಗಿ ಕಾಯುತ್ತಿತ್ತು. ಗಿರಣಿಗೆ ಹೋಗುವಾಗ ಅವನು ಊರ ಚಾಕರಿ ಬಿಟ್ಟಿದ್ದ, ಸತ್ತ ದನ ಎಳೆಯುವುದಿಲ್ಲ ಎಂದು ಚಾವಡಿಯ ಮುಂದೆ ನಿಂತು ಹೇಳಿದ್ದ. ಈಗ ಕೆಲಸ ಕೇಳಿದರೆ, "ಗಿರಣಿ ಸಾಹೇಬ್ರು ನಮ್ಮ ಹೊಲಕ್ಕ ಕಾಲ ಇಟ್ರ ಬೂಟಿಗೆ ಮಣ್ಣ ಹತ್ತೂದಿಲ್ಲೇನು," ಎಂದು ನಕ್ಕರು. ಆ ವರ್ಷ ಉದ್ದವ್ವನ ಹಿತ್ತಾಳೆ ಕೊಡ ಹೋಯಿತು, ಆಮೇಲೆ ಒಳಗಿನ ಬಾಗಿಲು ಹೋಯಿತು. ಹುಣಸೆಬೀಜ ಬೇಯಿಸಿ ತಿಂದ ದಿನಗಳಿದ್ದವು. ಲಗಮಣ್ಣ ಏಳನೆಯ ಇಯತ್ತೆಯಲ್ಲಿದ್ದ. ಪರೀಕ್ಷೆಗೆ ಎರಡು ತಿಂಗಳಿದ್ದಾಗ ಗೋಕಾಕದ ರಸ್ತೆಗೆ ಖಡಿ ಒಡೆಯಲು ಅಪ್ಪನ ಜೊತೆ ಹೋದವನು ತಿರುಗಿ ಸಾಲಿಯ ಮುಖ ನೋಡಲಿಲ್ಲ. ಸುಗ್ಗಿಯಲ್ಲಿ ಸತ್ಯಪ್ಪ ಮೂಡಲಗಿಯ ಕಡೆ ಕಬ್ಬು ಕಡಿಯಲು ಹೋಗುತ್ತಿದ್ದ. ಎಳೆ ಹಿಡಿದ ಬೆರಳಿಗೆ ಕಬ್ಬಿನ ಕೊಯ್ತಾ ಬಗ್ಗಲಿಲ್ಲ. ಎದೆಯಲ್ಲಿ ಕೂತಿದ್ದ ಗಿರಣಿಯ ಹತ್ತಿ ಕೆಮ್ಮಾಗಿ ಬಂತು. ಕೆಮ್ಮಿ ಕೆಮ್ಮಿ, ಒಂದು ದಿನವೂ ರಾಚಪ್ಪನನ್ನು ಬಯ್ಯದೆ, ಸತ್ತ.

ಬಯ್ಯುವುದನ್ನು ಮಗನೇ ಎಲ್ಲ ಉಳಿಸಿ ಇಟ್ಟುಕೊಂಡಿದ್ದ.

*

ಹುಣಸೆಯ ಬುಡದಲ್ಲಿ ರಾಚಪ್ಪ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು.

"ನಿಮ್ಮಪ್ಪನ್ನ ಕಳಿಸಿದಾಂವ ನಾನ, ಗೊತ್ತೈತೇನ ನಿನಗ?"

"ಗೊತ್ತೈತ್ರಿ." ಲಗಮಣ್ಣ ಬೆನ್ನು ನೆಟ್ಟಗೆ ಮಾಡಿದ. ಈಗ. ಈಗ ಹೇಳಬೇಕು. ಎದ್ದು ನಿಂತು ಹೇಳಬೇಕು.

"ಅಂವ ಹ್ವಾದ ಎರಡನೇ ವರ್ಷಕ್ಕ ನನ್ನೂ ಕಮ್ಮಿ ಮಾಡಿದ್ರು. ಮರುವರ್ಷ ಗಿರಣಿನ ಮುಚ್ಚಿದ್ರು. ಎಲ್ಲಾರೂ ದಿಕ್ಕಾಪಾಲಾದ್ವಿ. ನಾ ಹುಕ್ಕೇರಿ ಬಜಾರದಾಗ ಚೀಲಾ ಹೊರತೇನಿ. ಈ ವಯಸ್ಸಿಗೆ. ಆ ಮಾಲಿಂಗಪ್ಪ ಬಾವಿಗೆ ಬಿದ್ದ. ಮಕ್ಕಳು ಎಲ್ಲಿ ಹ್ವಾದ್ವೋ. ಖರೆ ಹೇಳತೇನಿ ತಮ್ಮಾ, ನ್ಯಾಯಾ ಮಾಡಾಕ ಹೋಗಿ ನಾ ಮಾಡಿದ್ದು ಒಂದೂ ನೆಟ್ಟಗಾಗ್ಲಿಲ್ಲ." ಟೊಪ್ಪಿಗೆಯ ಮಡಿಕೆಯನ್ನು ಬೆರಳಿನಿಂದ ತೀಡುತ್ತ ಅವನು ಮಾತಾಡಿದ. "ಮಕ್ಕೊಂಡಾಗ ನಿದ್ದಿ ಬರೂದಿಲ್ಲ. ಆಗ ನಿಮ್ಮಪ್ಪನ್ನ ನೆನಸತೇನಿ. ನಮ್ಮೊಳಗ ಒಬ್ಬಾಂವರ ತನ್ನ ಹೊಲದಾಗ, ತನ್ನ ಕುರಿ ಹಿಂದ, ಸುಖಾ ಅದಾನ ಅಂತೇನಿ. ಆ ಕುರೀನೆಲ್ಲಾ ಮನಸಿನ್ಯಾಗ ಹಾಯಿಸಕೋಂತ ಹಾಯಿಸಕೋಂತ ಕಣ್ಣ ಮುಚ್ಚತೇನಿ."

ಲಗಮಣ್ಣನ ಬಾಯಿ ತೆರೆದಿತ್ತು. ಮಾತುಗಳೆಲ್ಲ ಇದ್ದವು, ಒಂದಕ್ಕಿಂತ ಒಂದು ಹರಿತ. ಅಪ್ಪ ಗುಡಿಸಲಲ್ಲಿ ಕೆಮ್ಮಿದ್ದು, ಹುಣಸೆಬೀಜ, ಬಾಗಿಲಿಲ್ಲದ ಮನೆ. ಒಂದನ್ನು ಎತ್ತಿ ಹೊಡೆದರೂ ಈ ಮುದುಕ ಎದ್ದು ಬಸ್ಸು ಹತ್ತಲಾರ. ಆರು ವರ್ಷ ಕಾದದ್ದು ಇದಕ್ಕೇ. ಎದುರು ಕೂತವನಿಗೆ ಮಲಗಲು ಇರುವುದು ಅಪ್ಪ ಕಟ್ಟಿಕೊಟ್ಟ ಆ ಹಿಂಡೊಂದೇ. ಅಷ್ಟನ್ನೂ ಇವತ್ತು ಕಸಿದುಕೊಂಡರೆ ಯಾರಿಗೆ ಏನು ತಿರುಗಿ ಬರುತ್ತದೆ?

"ಏನ ಆಗಿತ್ತ ಅವಗ ಕಡೀಕ?"

"ಏನಿಲ್ರಿ. ಅಡವ್ಯಾಗ ಕುರಿ ಮೇಯಾಕ ಬಿಟ್ಟ, ಗಿಡದ ಬುಡಕ ಮಕ್ಕೊಂಡಿದ್ದ. ಹಂಗ ಹ್ವಾದ." ಸುಳ್ಳು ಹೇಳುವುದು ಇಷ್ಟು ಸಲೀಸು ಎಂದು ಅವನಿಗೆ ಗೊತ್ತೇ ಇರಲಿಲ್ಲ. "ಈ ವರ್ಷ ಮರಿ ಬಾಳ ಆಗಿದ್ವು. ಇನ್ನೂರರ ಮ್ಯಾಲ ಆಗ್ಯಾವು ಈಗ. ಬಾಳ ಖುಷ್ಯಾಗಿದ್ದ."

"ಪುಣ್ಯಾತ್ಮ," ಅಂದ ರಾಚಪ್ಪ. "ಪುಣ್ಯಾತ್ಮ."

ಆಗ ಕೇರಿಯ ಕಡೆಯಿಂದ ಹಲಗೆಯ ಸದ್ದು ಬಂತು. ಹೆಣದ ಮುಂದೆ ಬಾರಿಸುವ ನಿಧಾನದ ಸದ್ದು. ಕೇದಾರಿ ಕಾಕಾ ಹಲಗೆ ಕಾಸಿ ನೋಡುತ್ತಿದ್ದಾನೆ ಎಂದು ಲಗಮಣ್ಣನಿಗೆ ತಿಳಿಯಿತು.

"ಆ ಕಡೆನೂ ಯಾರೋ ತೀರಿಕೊಂಡಾರೇನ?"

"ಹೌದ್ರಿ."

"ಯಾರು?"

ಲಗಮಣ್ಣ ನೆಲ ನೋಡಿದ. "ಯಾರೋ ಒಬ್ಬಾಂವ. ಕೇರ್ಯಾಂವ."

ಬಸ್ಸು ಬಂತು. ರಾಚಪ್ಪ ಏಳುವಾಗ ಅವನ ಹೆಗಲನ್ನೇ ಊರಿಕೊಂಡು ಎದ್ದ. "ನನ್ನ ಹೆಸರಿಲೆ ಒಂದ ಹಿಡಿ ಮಣ್ಣ ಹಾಕಪಾ," ಎಂದು ಹೇಳಿ ಹತ್ತಿ ಕೂತ. ಕಂಡಕ್ಟರ ಬಾಗಿಲು ಹಾಕಿದ್ದನ್ನು ನೋಡಿ ಲಗಮಣ್ಣ ಹೊಲದ ಬದು ಹಿಡಿದು ಕೇರಿಗೆ ಓಡಿದ. ಓಡುತ್ತ ಅತ್ತ. ಅಪ್ಪ ಸತ್ತ ಮೇಲೆ ಅದು ಮೊದಲ ಸಲ.

*

"ಖರೆ ಹೇಳಿದೇನು?" ಉದ್ದವ್ವ ಕೇಳಿದಳು.

"ಇಲ್ಲ."

ಅವಳು ಗಂಡನ ಕಡೆ ನೋಡಿದಳು. ಮುಂಜಾನೆಯಿಂದ ಬಿಗಿ ಹಿಡಿದಿದ್ದು ಆಗ ಸಡಿಲಿತು. ನೆಲಕ್ಕೆ ಕುಸಿದು ಕೂತು ದನಿ ತೆಗೆದು ಅತ್ತಳು. ಕಾಡವ್ವ ಹಾಡು ನಿಲ್ಲಿಸಿ ಅವಳನ್ನು ತಬ್ಬಿಕೊಂಡಳು.

"ಬಸ್ಸ ಹ್ವಾತಿಲ್ಲೋ? ಎತ್ರಿ ಹಂಗಾದ್ರ, ಹೊತ್ತ ಇಳಿಯಾಕತ್ತೈತಿ," ಅಂದ ಕೇದಾರಿ.

ಲಗಮಣ್ಣ ಮುಂದಿನ ಬಲಗಡೆಗೆ ಹೆಗಲು ಕೊಟ್ಟ. ಚಟ್ಟ ಹಗುರಾಗಿತ್ತು. ಇಷ್ಟೇ ಉಳಿದಿತ್ತೇ ಅಪ್ಪನಲ್ಲಿ ಅನಿಸಿತು. ಕೇರಿಯಿಂದ ಹೊರಟರೆ ಕುಣಿ ತೋಡಿದ ದಿನ್ನೆಗೆ ಹೋಗಲು ದೊಡ್ಡ ರಸ್ತೆ ದಾಟಬೇಕು. ಮುಂದೆ ಹಲಗೆ, ಹಿಂದೆ ಗಂಡಸರು. ಹೆಂಗಸರು ಅಗಸೆಯವರೆಗೆ ಬಂದು ನಿಂತರು.

ಬಸ್ಸು ಹೋಗಿರಲಿಲ್ಲ. ಸ್ಟ್ಯಾಂಡಿನಲ್ಲಿ ಯಾರದೋ ಬೆಲ್ಲದ ಪೆಂಟಿಗಳನ್ನು ಮೇಲೆ ಏರಿಸುತ್ತ ನಿಂತುಬಿಟ್ಟಿತ್ತು. ಚಟ್ಟ ರಸ್ತೆಯ ನಡುವೆ ಬರುವಾಗ ಅದು ತಿರುವಿನಿಂದ ಬಂದು, ಹೆಣ ಕಂಡು, ಹತ್ತು ಮಾರು ಈಚೆ ನಿಂತಿತು. ಚಾಲಕ ಹಾರ್ನ್ ಹೊಡೆಯಲಿಲ್ಲ. ಕಿಟಕಿಯಲ್ಲಿ ತಲೆಗಳು ಕಂಡವು.

"ಹೊಲಗೇರಿ ಹೆಣಾ," ಒಳಗೆ ಯಾರೋ ಅಂದದ್ದು ಕೇಳಿಸಿತು. "ದಾಟ್ಲಿ ತಡೀರಿ."

ಲಗಮಣ್ಣ ಹೆಜ್ಜೆ ಜೋರು ಮಾಡಿದ. ಹಿಂದಿನವರಿಗೆ ಹೊಂದಲಿಲ್ಲ. "ಸಾವಕಾಶಲೇ," ಎಂದು ಕೇದಾರಿ ಗದರಿದ. ಚಟ್ಟ ಓಲಿ ಬಸ್ಸಿನ ಕಡೆಗೆ ವಾಲಿತು. ಯಾರೋ ಹಿಡಿದು ನೆಟ್ಟಗೆ ಮಾಡಿದರು.

ಎರಡನೆಯ ಕಿಟಕಿಯಲ್ಲಿ ರಾಚಪ್ಪ ಇದ್ದ. ಯಾರದೋ ಹೆಣ, ಯಾವುದೋ ಕೇರಿಯದು, ಆದರೂ ಎದುರು ಬಂದ ಹೆಣಕ್ಕೆ ತಲೆಯ ಮೇಲಿನದು ತೆಗೆಯುವ ಮನುಷ್ಯ ಅವನು. ಕೈ ಹೊರಗೆ ಚಾಚಿ ಟೊಪ್ಪಿಗೆಯನ್ನು ಎದೆಯ ಕಡೆ ತರುತ್ತಿದ್ದವನ ಕಣ್ಣು ಸತ್ಯಪ್ಪನ ತೆರೆದ ಮುಖದ ಮೇಲೆ ಬಿತ್ತು. ಅಲ್ಲಿಂದ ಮುಂದಿನ ಹೆಗಲಿಗೆ, ಲಗಮಣ್ಣನ ಮುಖಕ್ಕೆ ಬಂತು. ಮತ್ತೆ ಸತ್ತವನ ಮುಖಕ್ಕೆ ಹೋಯಿತು.

ಅವನ ತುಟಿಗಳು ಅಲುಗಿದವು. ಹಲಗೆಯ ಸದ್ದಿನಲ್ಲಿ ಏನೂ ಕೇಳಲಿಲ್ಲ.

ಚಟ್ಟ ರಸ್ತೆಯಿಂದ ಇಳಿಯಿತು. ಬಸ್ಸು ಗೊರಗೊರ ಎಂದು ಮುಂದೆ ಹೊರಟಿತು. ಲಗಮಣ್ಣ ಹೆಗಲ ಮೇಲೆ ಅಪ್ಪನನ್ನು ಹೊತ್ತುಕೊಂಡೇ ಕತ್ತು ತಿರುಗಿಸಿ ನೋಡಿದ. ಎರಡನೆಯ ಕಿಟಕಿಯಿಂದ ಒಂದು ಕೈ ಹೊರಗಿತ್ತು. ಅದರಲ್ಲಿದ್ದ ಬಿಳಿ ಟೊಪ್ಪಿಗೆ ಒಳಗೂ ಹೋಗದೆ, ತಲೆಗೂ ಏರದೆ, ಧೂಳಿನಲ್ಲಿ ಹಾಗೆಯೇ ಹಿಡಿದುಕೊಂಡದ್ದು ಹಾಗೆಯೇ, ಹುಕ್ಕೇರಿಯ ತಿರುವಿನವರೆಗೂ ಹೋಯಿತು.